ಪಾಪದ ಪ್ರಶ್ನೆ ಸಿವಿಲ್ ಕೋರ್ಟಿಗೆ ಬಂದ ಬಗೆ

ಯಾವುದೇ ಜಿಲ್ಲಾ ಕೇಂದ್ರದ ಸಿವಿಲ್ ನ್ಯಾಯಾಲಯದ ಒಂದು ದಿನದ ಕೇಸುಗಳ ಪಟ್ಟಿ ತೆಗೆದು ನೋಡಿ. ಸೈಟಿಗೆ ಅಡ್ವಾನ್ಸ್ ಪಡೆದು ಕ್ರಯಪತ್ರ ಮಾಡಿಕೊಡದವನ ಮೇಲೆ ಒಂದು ದಾವೆ. ಟ್ರಸ್ಟಿನ ಹಣವನ್ನು ಟ್ರಸ್ಟಿಯೊಬ್ಬರು ಸ್ವಂತಕ್ಕೆ ಬಳಸಿಕೊಂಡರೆಂದು ಇನ್ನೊಂದು. ಮುದಿ ತಂದೆಯ ಮೇಲೆ ಒತ್ತಡ ಹಾಕಿ ಅಣ್ಣ ದಾನಪತ್ರ ಬರೆಸಿಕೊಂಡನೆಂದು ತಂಗಿ ಹೂಡಿದ್ದು ಮತ್ತೊಂದು. ಪಕ್ಕದ ಕೌಟುಂಬಿಕ ನ್ಯಾಯಾಲಯದಲ್ಲಿ, ತವರಿಗೆ ಹೋದ ಹೆಂಡತಿ ವಾಪಸು ಬಂದು ಸಂಸಾರ ಮಾಡಬೇಕೆಂದು ಗಂಡನ ಅರ್ಜಿ. ಸಾಕ್ಷಿಕಟ್ಟೆಯ ಪ್ರಮಾಣವಚನ ಬಿಟ್ಟರೆ ಇವುಗಳಲ್ಲಿ ಎಲ್ಲಿಯೂ ದೇವರ ಹೆಸರಿಲ್ಲ. ಆದರೂ ಈ ನಾಲ್ಕು ದಾವೆಗಳಲ್ಲಿ ನ್ಯಾಯಾಧೀಶರು ಕೇಳುವ ಮುಖ್ಯ ಪ್ರಶ್ನೆಗಳು ರೂಪುಗೊಂಡದ್ದು ಮಧ್ಯಯುಗದ ಯುರೋಪಿನಲ್ಲಿ, ಚರ್ಚಿನ ನ್ಯಾಯಾಲಯಗಳಲ್ಲಿ ಮತ್ತು ಚರ್ಚಿನ ವಿದ್ಯೆ ಕಲಿತವರ ಕೈಯಲ್ಲಿ.

ಒಬ್ಬರಿಗೂ ಇನ್ನೊಬ್ಬರಿಗೂ ನಡುವಿನ ವ್ಯವಹಾರಗಳನ್ನು ನೋಡಿಕೊಳ್ಳುವುದು ಖಾಸಗಿ ಕಾನೂನು. ಕರಾರು, ಆಸ್ತಿ, ಮದುವೆ, ಉಯಿಲು, ಟ್ರಸ್ಟ್, ನಷ್ಟ ಪರಿಹಾರ ಎಲ್ಲವೂ ಅದರೊಳಗೆ ಬರುತ್ತವೆ. ಅದರ ಮೇಲೆ ಕ್ರೈಸ್ತ ಧರ್ಮದ ಪ್ರಭಾವ ಎಂದ ಕೂಡಲೇ ನಮಗೆ ನೆನಪಾಗುವುದು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂಥವು. ಅವು ಕ್ರೈಸ್ತರಿಗೆ ಸಂಬಂಧಪಟ್ಟವು. ನಾನು ಹೇಳಹೊರಟಿರುವುದು ಹಿಂದೂ, ಮುಸ್ಲಿಂ, ಜೈನ, ನಾಸ್ತಿಕ ಎನ್ನದೆ ಎಲ್ಲರೂ ಬಳಸುವ ಕಾನೂನಿನ ಮಾತು.

ಇದೆಲ್ಲ ಶುರುವಾಗುವುದು ಪಾಪನಿವೇದನೆಯಿಂದ. 1215ರಲ್ಲಿ ರೋಮಿನಲ್ಲಿ ಸೇರಿದ ನಾಲ್ಕನೇ ಲ್ಯಾಟರನ್ ಮಹಾಸಭೆ, ತಿಳಿವಳಿಕೆ ಬಂದ ಪ್ರತಿಯೊಬ್ಬರೂ ವರ್ಷಕ್ಕೆ ಒಮ್ಮೆಯಾದರೂ ಪಾದ್ರಿಯ ಬಳಿ ಪಾಪ ಹೇಳಿಕೊಳ್ಳಬೇಕೆಂದು ವಿಧಿಸಿತು. ಅಲ್ಲಿ ಕೇಳುವ ಪ್ರಶ್ನೆಗಳು ಮನಸ್ಸಿನ ಒಳಗಿನವು. ನಿನಗೆ ಗೊತ್ತಿತ್ತೇ? ಬೇಕೆಂದೇ ಮಾಡಿದೆಯಾ? ತೆಗೆದುಕೊಂಡದ್ದನ್ನು ಹಿಂದಿರುಗಿಸಿದೆಯಾ? ಸಂತ ಅಗಸ್ಟೀನನ ಬೋಧೆಯನ್ನು ಹಿಡಿದು ಚರ್ಚು ಒಂದು ಗಟ್ಟಿ ನಿಯಮ ಮಾಡಿಕೊಂಡಿತ್ತು: ಕಿತ್ತುಕೊಂಡದ್ದನ್ನು ಮರಳಿಸುವ ಶಕ್ತಿಯಿದ್ದೂ ಮರಳಿಸದವನಿಗೆ ಕ್ಷಮೆ ಇಲ್ಲ. ಪಶ್ಚಾತ್ತಾಪದ ಕಣ್ಣೀರು ಸಾಲದು, ಲೆಕ್ಕವೂ ಚುಕ್ತಾ ಆಗಬೇಕು. ಹಾಗಾಗಿ ಪಾದ್ರಿಗಳಿಗೆಂದು ಬರೆದ ಕೈಪಿಡಿಗಳು ಸಾಲ, ಬಡ್ಡಿ, ತೂಕದ ಮೋಸ, ಬಚ್ಚಿಟ್ಟ ಉಯಿಲುಗಳ ಬಗ್ಗೆ ಪುಟಗಟ್ಟಲೆ ಚರ್ಚಿಸಬೇಕಾಯಿತು.

ಅಷ್ಟಕ್ಕೇ ನಿಂತಿದ್ದರೆ ಅದು ನೀತಿಬೋಧೆಯಾಗಿ ಉಳಿಯುತ್ತಿತ್ತು. ಕಾನೂನಾದದ್ದು ಚರ್ಚಿಗೆ ತನ್ನದೇ ನ್ಯಾಯಾಲಯಗಳಿದ್ದುದರಿಂದ. 1140ರ ಸುಮಾರಿಗೆ ಬೊಲೋನಾದಲ್ಲಿ ಗ್ರೇಶಿಯನ್ ಎಂಬ ವಿದ್ವಾಂಸ ಚರ್ಚಿನ ನಿಯಮಗಳನ್ನೆಲ್ಲ ಒಟ್ಟುಮಾಡಿ, ಒಂದಕ್ಕೊಂದು ಹೊಂದದವನ್ನು ಹೊಂದಿಸಿ ಗ್ರಂಥವೊಂದನ್ನು ಸಿದ್ಧಪಡಿಸಿದ. 1234ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ಅಧಿಕೃತ ಸಂಕಲನವನ್ನೇ ಹೊರಡಿಸಿದರು. ಈ ಶಾಸ್ತ್ರಕ್ಕೆ ಕ್ಯಾನನ್ ಕಾನೂನು ಎಂದು ಹೆಸರು. ಅಪರಾಧ ಮಾಡಿದ ಸಹೋದರ ಏಕಾಂತದಲ್ಲಿ ಹೇಳಿದರೂ, ಸಾಕ್ಷಿಗಳೆದುರು ಹೇಳಿದರೂ ಕೇಳದಿದ್ದರೆ ಸಭೆಗೆ ತಿಳಿಸು ಎಂದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಬೋಧಿಸುತ್ತದೆ. ಕ್ಯಾನನ್ ಪಂಡಿತರು ಅದರಿಂದಲೇ ಒಂದು ದೂರಿನ ಕ್ರಮವನ್ನು ಕಟ್ಟಿದರು. 1204ರಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡಿನ ದೊರೆಗಳ ಜಗಳದಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಮುಂದಿಟ್ಟ ವಾದವೂ ಇದೇ ಧಾಟಿಯದು. ಜಹಗೀರಿನ ಹಕ್ಕು ಯಾರದೆಂದು ಹೇಳುವುದು ತನ್ನ ಕೆಲಸವಲ್ಲ, ಆದರೆ ಅದರಲ್ಲಿ ಪಾಪವಿದ್ದರೆ ವಿಚಾರಿಸುವುದು ತನ್ನ ಅಧಿಕಾರ. ಈ ಬಾಗಿಲು ತೆರೆದ ಮೇಲೆ ಯಾವ ವ್ಯಾಜ್ಯ ತಾನೇ ಹೊರಗುಳಿದೀತು? ತೀರ್ಪಿಗೆ ಮಣಿಯದವನಿಗೆ ಬಹಿಷ್ಕಾರ. ಇಂಗ್ಲೆಂಡಿನಲ್ಲಿ 40 ದಿನ ಕಳೆದರೂ ಬಗ್ಗದ ಬಹಿಷ್ಕೃತನನ್ನು ಬಿಷಪರ ಪತ್ರದ ಮೇಲೆ ರಾಜನ ಅಧಿಕಾರಿಗಳೇ ಹಿಡಿದು ಸೆರೆಗೆ ಹಾಕುತ್ತಿದ್ದರು.

ಧರ್ಮದ ಋಣ ಹೀಗೆ ಕೋರ್ಟಿನ ಋಣವಾಗುವುದು ನಮಗೂ ಹೊಸದಲ್ಲ. ಗ್ರೇಶಿಯನ್‌ಗಿಂತ ಸ್ವಲ್ಪ ಮೊದಲು, ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದ. ತಂದೆಯ ಸಾಲ ತೀರಿಸದಿದ್ದರೆ ತಂದೆಗೆ ಪರಲೋಕದಲ್ಲಿ ಗತಿಯಿಲ್ಲ ಎಂಬ ಧರ್ಮಶಾಸ್ತ್ರದ ನಂಬಿಕೆ, ಮಗನ ಮೇಲೆ ಸಾಲ ಕೊಟ್ಟವನು ದಾವೆ ಹೂಡಬಹುದು ಎಂಬ ನಿಯಮವಾಗಿ ನಮ್ಮ ನ್ಯಾಯಾಲಯಗಳಲ್ಲಿ ಬಹುಕಾಲ ನಡೆಯಿತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಅದಕ್ಕೆ ಕೊನೆ ಹಾಡಿತು.

ಇನ್ನು ಕೊಟ್ಟ ಮಾತಿನ ವಿಷಯ. ರೋಮನ್ ಕಾನೂನಿನಲ್ಲಿ ಬರೀ ಮಾತಿನ ಮೇಲೆ ದಾವೆ ಹೂಡುವಂತಿರಲಿಲ್ಲ. ಮಾರಾಟ, ಬಾಡಿಗೆ, ಪಾಲುದಾರಿಕೆಯಂಥ ಗೊತ್ತುಪಡಿಸಿದ ವರ್ಗಗಳಲ್ಲಿ ಒಂದಕ್ಕೆ ಒಪ್ಪಂದ ಸೇರಬೇಕಿತ್ತು, ಇಲ್ಲವೇ ಎದುರುಬದುರು ನಿಂತು ನಿಗದಿತ ಪದಗಳಲ್ಲಿ ಪ್ರಶ್ನೋತ್ತರ ಮುಗಿಸಿರಬೇಕಿತ್ತು. ಆಣೆ ಇಡದಿದ್ದರೂ ಆಡಿದ ಮಾತಿಗೆ ನಿಲ್ಲಬೇಕೆಂಬ ಕ್ರಿಸ್ತನ ಬೋಧೆಯನ್ನು ನಂಬಿದವರಿಗೆ ಇದು ಒಪ್ಪಿಗೆಯಾಗಲಿಲ್ಲ. ಮಾತು ತಪ್ಪುವುದು ಸುಳ್ಳು, ಸುಳ್ಳು ಪಾಪ. ಇದಕ್ಕೆ ಅವರು ಆಧಾರ ಮಾಡಿಕೊಂಡದ್ದು ನಾಲ್ಕನೇ ಶತಮಾನದ ಕಾರ್ಥೇಜಿನ ಧರ್ಮಸಭೆಯ ಒಂದು ಸಣ್ಣ ಪ್ರಕರಣ. ಆಂಟಿಗೋನಸ್ ಎಂಬ ಬಿಷಪ್, ಪಕ್ಕದ ಬಿಷಪ್ ತಮ್ಮಿಬ್ಬರ ನಡುವಿನ ಒಪ್ಪಂದ ಮುರಿದನೆಂದು ದೂರಿದ್ದ. ಒಪ್ಪಂದಗಳನ್ನು ಪಾಲಿಸಬೇಕು ಎಂದು ಸಭೆ ತೀರ್ಮಾನಿಸಿತ್ತು. ಎಷ್ಟೋ ಶತಮಾನಗಳ ಬಳಿಕ ಗ್ರೆಗರಿಯ ಸಂಕಲನಕ್ಕೆ ಆ ಪ್ರಕರಣ ಸೇರಿತು. ರೂಪ ಯಾವುದೇ ಇರಲಿ, ತಕ್ಕ ಕಾರಣವಿಟ್ಟುಕೊಂಡು ಕೊಟ್ಟ ಮಾತು ಕೊಟ್ಟವನನ್ನು ಕಟ್ಟಿಹಾಕುತ್ತದೆ ಎಂಬ ಸಾಮಾನ್ಯ ನಿಯಮವನ್ನು ಪಂಡಿತರು ಅದರ ಮೇಲೆ ನಿಲ್ಲಿಸಿದರು. ಫ್ರಾನ್ಸಿನಲ್ಲಿ ಡೊಮಾ ಎಂಬ ಭಕ್ತ ನ್ಯಾಯವಾದಿ 1689ರಲ್ಲಿ ಪ್ರಕಟಿಸಿದ ಗ್ರಂಥ ಇಡೀ ಸಿವಿಲ್ ಕಾನೂನನ್ನೇ ದೇವರ ಪ್ರೀತಿ, ನೆರೆಯವರ ಪ್ರೀತಿ ಎಂಬೆರಡು ಆಜ್ಞೆಗಳ ಮೇಲೆ ಕಟ್ಟಿತು. ಅಲ್ಲಿಂದಲೇ 1804ರ ಫ್ರೆಂಚ್ ಸಿವಿಲ್ ಸಂಹಿತೆ ಕರಾರಿನ ಬಗೆಗಿನ ತನ್ನ ಮುಖ್ಯ ವಾಕ್ಯವನ್ನು ಪಡೆಯಿತು.

ಇಂಗ್ಲೆಂಡಿನ ರಾಜನ ನ್ಯಾಯಾಲಯಗಳು ಮಾತ್ರ ಇದಕ್ಕೆ ಸುಲಭವಾಗಿ ಬಗ್ಗಲಿಲ್ಲ. ಮೊಹರು ಹಾಕಿದ ಪತ್ರವಿಲ್ಲದೆ ಬಾಯಿಮಾತಿನ ಮೇಲೆ ಅಲ್ಲಿ ದಾವೆ ನಿಲ್ಲುವುದು ಕಷ್ಟವಿತ್ತು. ಜನ ಏನು ಮಾಡಿದರು? ಸಾಲ ಕೊಡುವಾಗ, ಸರಕು ಮಾರುವಾಗ ಆಣೆ ಮಾಡಿಸಿಕೊಂಡರು. ಆಣೆ ಮುರಿದರೆ ಅದು ಪಾಪ, ಪಾಪವಾದರೆ ಚರ್ಚಿನ ಕೋರ್ಟು. 15ನೇ ಶತಮಾನದ ಕ್ಯಾಂಟರ್ಬರಿಯ ಚರ್ಚ್ ನ್ಯಾಯಾಲಯದ ಕಡತಗಳಲ್ಲಿ ಇಂಥ ಸಣ್ಣ ಸಾಲದ ದಾವೆಗಳು ಹೇರಳವಾಗಿವೆ. ಮುಂದೆ ರಾಜನ ನ್ಯಾಯಾಲಯಗಳೂ ಬಾಯಿಮಾತಿನ ಒಪ್ಪಂದಕ್ಕೆ ದಾರಿ ತೆರೆದವು, ಆದರೆ ಪ್ರತಿಫಲ ಇರಬೇಕೆಂಬ ತಮ್ಮದೇ ಷರತ್ತಿನೊಡನೆ. ನಮ್ಮ 1872ರ ಕರಾರು ಕಾಯ್ದೆಯ 25ನೇ ಕಲಂ ಇದನ್ನೇ ಹೇಳುತ್ತದೆ: ಪ್ರತಿಫಲವಿಲ್ಲದ ಕರಾರು ಶೂನ್ಯ. ಆದರೆ ಅದರ ವಿನಾಯಿತಿಗಳನ್ನು ಓದಿ. ಹತ್ತಿರದ ಸಂಬಂಧಿಗೆ ಪ್ರೀತಿಯಿಂದ ಬರೆದು ನೋಂದಾಯಿಸಿದ ಮಾತು, ತಾನಾಗಿ ಉಪಕಾರ ಮಾಡಿದವನಿಗೆ ಕೊಡುತ್ತೇನೆಂದ ಪರಿಹಾರ, ವಾಯಿದೆ ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಹಿ ಹಾಕಿದ ಬರಹ, ಇವು ಮೂರೂ ಪ್ರತಿಫಲವಿಲ್ಲದೆಯೇ ನಿಲ್ಲುತ್ತವೆ. ಮಾತಿಗೆ ಅದರಷ್ಟಕ್ಕೇ ತೂಕವಿದೆ ಎಂಬ ಹಳೆಯ ನಂಬಿಕೆಗೆ ಇಲ್ಲಿ ಇನ್ನೂ ಜಾಗ ಉಳಿದಿದೆ.

ಮದುವೆಯ ಕಾನೂನಿನಲ್ಲಿ ಚರ್ಚಿನ ಹಿಡಿತ ಇನ್ನೂ ಬಲವಾಗಿತ್ತು. ಆ ಕಾಲದ ಕುಲೀನ ಮನೆತನಗಳಲ್ಲಿ ಮದುವೆಯೆಂದರೆ ಹಿರಿಯರ ವ್ಯವಹಾರ, ಜಮೀನಿನ ಜೋಡಣೆ. ಚರ್ಚಿಗೆ ಅದು ಸಂಸ್ಕಾರ, ಮಾಡಿಕೊಳ್ಳುವವರ ಆತ್ಮಕ್ಕೆ ಸಂಬಂಧಪಟ್ಟದ್ದು. ಆದ್ದರಿಂದ ಮನಸ್ಸು ಅವರದೇ ಇರಬೇಕು. 12ನೇ ಶತಮಾನದ ಪೋಪ್ ಮೂರನೇ ಅಲೆಕ್ಸಾಂಡರ್ ನೆಲೆಗೊಳಿಸಿದ ನಿಯಮದ ಪ್ರಕಾರ ಗಂಡು ಹೆಣ್ಣು ಇಬ್ಬರೂ 'ಈಗ ನಿನ್ನನ್ನು ವರಿಸಿದ್ದೇನೆ' ಎಂಬರ್ಥದ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಂಡರೆ ಮದುವೆ ಆಗಿಹೋಯಿತು. ಅಪ್ಪನ ಒಪ್ಪಿಗೆ, ಪಾದ್ರಿ, ಸಾಕ್ಷಿ, ಊಟ ಯಾವುದೂ ಬೇಡ. ಅವಿಲ್ಲದೆ ಮಾಡಿಕೊಂಡರೆ ಶಿಕ್ಷೆಯಿತ್ತು, ಆದರೆ ಮದುವೆ ಮಾತ್ರ ಗಟ್ಟಿ.

ಇದು ಹೇಗೆ ನಡೆಯುತ್ತಿತ್ತೆಂದು ತಿಳಿಯಲು ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಪ್ಯಾಸ್ಟನ್ ಮನೆತನದ ಪತ್ರಗಳನ್ನು ಓದಬೇಕು. ಆ ಮನೆಯ ಮಗಳು ಮಾರ್ಜರಿ, ಮನೆಯ ಜಮೀನಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ರಿಚರ್ಡ್ ಕಾಲ್ ಎಂಬವನೊಡನೆ ಗುಟ್ಟಾಗಿ ಮಾತು ಕೊಟ್ಟು ತೆಗೆದುಕೊಂಡಿದ್ದಳು. ಮನೆಯವರು ಕೆಂಡವಾದರು. 1469ರಲ್ಲಿ ನಾರ್ವಿಚ್‌ನ ಬಿಷಪ್ ಅವಳನ್ನು ಕರೆಸಿದರು. ಮೊದಲು ಅವಳ ಕುಲ, ಬಂಧುಬಳಗ, ಆಗಲಿರುವ ಅವಮಾನ ಎಲ್ಲವನ್ನೂ ನೆನಪಿಸಿದರು. ಆಮೇಲೆ ಕೇಳಿದ್ದು ಒಂದೇ: ನೀನು ಅವನಿಗೆ ಹೇಳಿದ ಮಾತು ನಿಖರವಾಗಿ ಯಾವುದು? ಮಾರ್ಜರಿ ಹೇಳಿದಳು. ಆ ಮಾತುಗಳಿಂದ ಮದುವೆ ಗಟ್ಟಿಯಾಗಿರದಿದ್ದರೆ ಇಲ್ಲಿಂದ ಹೊರಡುವ ಮೊದಲೇ ಗಟ್ಟಿಮಾಡುತ್ತೇನೆ ಎಂದೂ ಸೇರಿಸಿದಳು. ಬಳಿಕ ರಿಚರ್ಡನನ್ನು ಬೇರೆಯಾಗಿ ಕರೆದು ಯಾವಾಗ, ಎಲ್ಲಿ, ಯಾವ ಮಾತು ಎಂದು ವಿಚಾರಿಸಿ ಇಬ್ಬರ ಹೇಳಿಕೆಯನ್ನು ತಾಳೆ ನೋಡಲಾಯಿತು. ಬಿಷಪರು ಆ ಮನೆತನಕ್ಕೆ ಬೇಕಾದವರೇ. ಆದರೂ ಮದುವೆಯನ್ನು ಮುರಿಯಲು ಅವರಿಗೆ ಕಾನೂನಿನಲ್ಲಿ ದಾರಿಯಿರಲಿಲ್ಲ. ತಾಯಿ ಮಗಳಿಗೆ ಮನೆಬಾಗಿಲು ಮುಚ್ಚಿದಳು, ಮದುವೆ ಉಳಿಯಿತು. ಒಬ್ಬ ಹುಡುಗಿಯ ಬಾಯಿಂದ ಬಂದ ಮಾತಿಗೆ ಇಡೀ ಮನೆತನದ ಮರ್ಯಾದೆಗಿಂತ ಹೆಚ್ಚಿನ ಬೆಲೆ ಕೊಟ್ಟ ಈ ನಿಯಮ, ಕ್ರೈಸ್ತ ಚಿಂತನೆ ಖಾಸಗಿ ಕಾನೂನಿಗೆ ಕೊಟ್ಟ ಅತ್ಯುತ್ತಮ ಕೊಡುಗೆ ಎಂದೇ ನಾನು ಎಣಿಸುತ್ತೇನೆ.

ಇದಕ್ಕೆ ತೆತ್ತ ಬೆಲೆಯೂ ಇತ್ತು. ಸಾಕ್ಷಿಯಿಲ್ಲದ ಮದುವೆಯನ್ನು ಆಮೇಲೆ ಅಲ್ಲಗಳೆಯುವುದು ಸುಲಭ. ಅದರಿಂದ ಕೈಬಿಟ್ಟುಹೋದ ಹೆಂಗಸರು ಎಷ್ಟೋ ಮಂದಿ. 1215ರ ಮಹಾಸಭೆ ಮದುವೆಗೆ ಮೊದಲು ಚರ್ಚಿನಲ್ಲಿ ಬಹಿರಂಗ ಪ್ರಕಟಣೆ ಆಗಬೇಕೆಂದಿತು. 1563ರಲ್ಲಿ ಟ್ರೆಂಟ್ ಮಹಾಸಭೆ ಪಾದ್ರಿ ಮತ್ತು ಸಾಕ್ಷಿಗಳಿಲ್ಲದ ಮದುವೆಯನ್ನು ಅಸಿಂಧು ಮಾಡಿತು. ಪ್ರಾಟೆಸ್ಟೆಂಟ್ ಆಗಿದ್ದ ಇಂಗ್ಲೆಂಡು ಅಲ್ಲಿಗೆ ತಲುಪಿದ್ದು 1753ರ ಹಾರ್ಡ್‌ವಿಕ್ ಕಾಯ್ದೆಯಿಂದ. ಚರ್ಚಿನ ಆ ಪ್ರಕಟಣೆಯೇ ಮುಂದೆ ರಿಜಿಸ್ಟ್ರಾರ್ ಕಚೇರಿಯ ನೋಟಿಸ್ ಆಯಿತು. ನಮ್ಮ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಜೋಡಿಯ ಹೆಸರು ನೋಟಿಸಿನಲ್ಲಿ ಹೊರಬಿದ್ದು 30 ದಿನ ಕಾಯಬೇಕಾಗುವುದು ಆ ಪದ್ಧತಿಯ ಮುಂದುವರಿಕೆ. ಗುಟ್ಟಿನ ಮದುವೆಯ ಮೋಸ ತಡೆಯಲು ಹುಟ್ಟಿದ ಕ್ರಮ, ಮನೆಯವರ ವಿರೋಧ ಕಟ್ಟಿಕೊಂಡು ಮದುವೆಯಾಗುವವರನ್ನು ಇಂದು ಅದೇ ಮನೆಯವರ ಕೈಗೆ ಸಿಕ್ಕಿಸುತ್ತಿದೆ.

ಮದುವೆ ಚರ್ಚಿನ ಕೈಯಲ್ಲಿದ್ದ ಮೇಲೆ ಸಂಸಾರದ ಜಗಳವೂ ಅಲ್ಲಿಗೇ ಹೋಗುತ್ತಿತ್ತು. ಸಂಸ್ಕಾರದಿಂದ ಆದ ಬಂಧ ಬಿಡಿಸಲಾಗದು, ಹಾಗಾಗಿ ವಿಚ್ಛೇದನ ಇಲ್ಲ. ಕ್ರೌರ್ಯ ಅಥವಾ ವ್ಯಭಿಚಾರ ಸಾಬೀತಾದರೆ ಬೇರೆ ಇರಲು ಅನುಮತಿ, ಸಮ್ಮತಿಯಲ್ಲೇ ದೋಷವಿದ್ದರೆ ಅಥವಾ ನಪುಂಸಕತ್ವವಿದ್ದರೆ ಮದುವೆ ರದ್ದು, ಕಾರಣವಿಲ್ಲದೆ ಬಿಟ್ಟುಹೋದವರಿಗೆ ಮರಳಿ ಹೋಗುವಂತೆ ಆಜ್ಞೆ. 1857ರಲ್ಲಿ ಇಂಗ್ಲೆಂಡು ಈ ಅಧಿಕಾರವನ್ನು ಚರ್ಚಿನಿಂದ ಕಿತ್ತು ಹೊಸ ಸರ್ಕಾರಿ ನ್ಯಾಯಾಲಯಕ್ಕೆ ಕೊಟ್ಟಿತು, ಆದರೆ ಪರಿಹಾರಗಳನ್ನು ಹಾಗೇ ಉಳಿಸಿಕೊಂಡಿತು. 1955ರ ಹಿಂದೂ ವಿವಾಹ ಕಾಯ್ದೆಯ 9, 10, 12ನೇ ಕಲಮುಗಳನ್ನು ಪಕ್ಕದಲ್ಲಿಟ್ಟು ನೋಡಿ. ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ, ನ್ಯಾಯಿಕ ಪ್ರತ್ಯೇಕತೆ, ರದ್ದತಿ. ಸಪ್ತಪದಿಯ ಮದುವೆಗೆ ಚರ್ಚ್ ನ್ಯಾಯಾಲಯದ ಮೂರೂ ಪರಿಹಾರಗಳು ಬಂದು ಸೇರಿವೆ.

ಇವುಗಳಲ್ಲಿ ಮೊದಲನೆಯದರ ಭಾರತದ ಕಥೆ ನೋವಿನದು. ಹನ್ನೊಂದರ ವಯಸ್ಸಿನಲ್ಲಿ ಮದುವೆಯಾಗಿದ್ದ ಮುಂಬೈಯ ರಖಮಾಬಾಯಿ ದೊಡ್ಡವಳಾದ ಮೇಲೆ ಗಂಡ ದಾದಾಜಿ ಭಿಕಾಜಿಯ ಮನೆಗೆ ಹೋಗಲು ಒಪ್ಪಲಿಲ್ಲ. 1884ರಲ್ಲಿ ಅವನು ಹೈಕೋರ್ಟಿನಲ್ಲಿ ದಾವೆ ಹೂಡಿದ. ನ್ಯಾಯಮೂರ್ತಿ ಪಿನ್ಹೆ ಮರುವರ್ಷ ಅದನ್ನು ತಳ್ಳಿಹಾಕಿದರು. ಇದು ಇಂಗ್ಲೆಂಡಿನಲ್ಲಿ ಹುಟ್ಟಿದ ಪರಿಹಾರ, ಹಿಂದೂ ಕಾನೂನಿನಲ್ಲಿ ಇದಕ್ಕೆ ಬುನಾದಿಯಿಲ್ಲ ಎಂಬುದು ಅವರ ಅಭಿಪ್ರಾಯ. ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. 1887ರಲ್ಲಿ ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳ ಸೆರೆ ಎಂದು ಆದೇಶವಾಯಿತು. ಸೆರೆಗೆ ಹೋಗುತ್ತೇನೆ ಎಂದಳು ರಖಮಾಬಾಯಿ. ಮರುವರ್ಷ ದಾದಾಜಿ 2,000 ರೂಪಾಯಿ ಪಡೆದು ಹಕ್ಕು ಬಿಟ್ಟ, ಅವಳು ಲಂಡನ್ನಿಗೆ ಹೋಗಿ ಓದಿ ವೈದ್ಯೆಯಾದಳು. ಸನಾತನ ಪದ್ಧತಿಯ ಹೆಸರಿನಲ್ಲಿ ಆಗ ಬಹಳ ಜನ ಸಮರ್ಥಿಸಿದ್ದ ಆ ಆದೇಶ ವಾಸ್ತವದಲ್ಲಿ ಕ್ಯಾನನ್ ಕಾನೂನಿನ ಕೂಸು.

ಇಂಗ್ಲೆಂಡು 1970ರಲ್ಲಿ ಈ ಪರಿಹಾರವನ್ನು ಕಿತ್ತುಹಾಕಿತು. ನಮ್ಮಲ್ಲಿ 1983ರಲ್ಲಿ ಟಿ. ಸರಿತಾ ಪ್ರಕರಣದಲ್ಲಿ ಆಂಧ್ರಪ್ರದೇಶ ಹೈಕೋರ್ಟು 9ನೇ ಕಲಂ ಸಂವಿಧಾನಕ್ಕೆ ವಿರುದ್ಧ ಎಂದಿತು. ಮರುವರ್ಷವೇ ಸರೋಜ್ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಈಗ ಡಿಕ್ರಿಗೆ ಮಣಿಯದವರಿಗೆ ಸೆರೆಯಿಲ್ಲ, ಆಸ್ತಿ ಜಪ್ತಿಗೆ ಅವಕಾಶವಿದೆ. ಒಂದು ವರ್ಷವಾದರೂ ಒಟ್ಟಿಗೆ ಬಾಳದಿದ್ದರೆ ಅದೇ ವಿಚ್ಛೇದನಕ್ಕೆ ಆಧಾರವಾಗುತ್ತದೆ. ಹೀಗಾಗಿ ಎಷ್ಟೋ ಅರ್ಜಿಗಳು ಹೆಂಡತಿಯನ್ನು ಕರೆಸಿಕೊಳ್ಳಲು ಹಾಕಿದವಲ್ಲ, ವಿಚ್ಛೇದನಕ್ಕೆ ದಾರಿ ಮಾಡಿಕೊಳ್ಳಲು ಅಥವಾ ಜೀವನಾಂಶದ ಅರ್ಜಿಗೆ ಎದುರೇಟು ಕೊಡಲು ಹಾಕಿದವು. ಬಿಡಿಸಲಾಗದ ಬಂಧ ಎಂಬ ನಂಬಿಕೆ ಕಾನೂನಿನಿಂದ ಹೋಗಿದೆ, ಆ ನಂಬಿಕೆಗೆಂದು ಹುಟ್ಟಿದ ಆಜ್ಞೆ ಮಾತ್ರ ಉಳಿದಿದೆ. ಇದನ್ನು ತೆಗೆದುಹಾಕಲು ಇನ್ನೂ ತಡಮಾಡಬಾರದು.

ಉಯಿಲಿನ ಮಾತನ್ನು ಬೇಗ ಮುಗಿಸುತ್ತೇನೆ. ಸಾಯುವವನು ತನ್ನ ಆತ್ಮದ ಒಳಿತಿಗಾಗಿ ದಾನ ಮಾಡಿ, ಸಾಲ ತೀರಿಸಿ ಹೋಗಬೇಕು ಎಂಬುದರಿಂದ ಇಂಗ್ಲೆಂಡಿನಲ್ಲಿ ಉಯಿಲಿನ ಪ್ರೊಬೇಟ್ ಚರ್ಚಿನ ಕೆಲಸವಾಗಿತ್ತು. 1857ರ ಇನ್ನೊಂದು ಕಾಯ್ದೆ ಅದನ್ನೂ ಬಿಡಿಸಿತು. ಇಂದು ನಮ್ಮ ಕೋರ್ಟುಗಳಲ್ಲಿ ನಡೆಯುವ ಪ್ರೊಬೇಟ್ ಕ್ರಮದ ಮೂಲ ಅಲ್ಲಿದೆ.

ಟ್ರಸ್ಟಿನ ಕಥೆ ನಿಧಾನವಾಗಿ ಹೇಳತಕ್ಕದ್ದು. ಇಂಗ್ಲೆಂಡಿನಲ್ಲಿ ಜಮೀನನ್ನು ಉಯಿಲು ಬರೆದು ಕೊಡುವಂತಿರಲಿಲ್ಲ. ಅದಕ್ಕೆ ಶಾಸನದ ಅವಕಾಶ ಸಿಕ್ಕಿದ್ದು 1540ರಲ್ಲಿ. ಅದಕ್ಕೂ ಮೊದಲು ಜನ ಜಮೀನನ್ನು ನಂಬಿಕೆಯ ಗೆಳೆಯರ ಹೆಸರಿಗೆ ಬರೆದುಕೊಟ್ಟು, ಇದನ್ನು ನನ್ನ ಹೆಂಡತಿ ಮಕ್ಕಳಿಗಾಗಿ ಇಟ್ಟುಕೊಳ್ಳಿ ಎಂದು ಒಪ್ಪಿಸುತ್ತಿದ್ದರು. 1224ರಲ್ಲಿ ಇಂಗ್ಲೆಂಡಿಗೆ ಬಂದ ಫ್ರಾನ್ಸಿಸ್ಕನ್ ಸನ್ಯಾಸಿಗಳಿಗೆ ಇನ್ನೊಂದು ಬಗೆಯ ತೊಡಕು. ಏನನ್ನೂ ತಮ್ಮದೆನ್ನಬಾರದು ಎಂಬ ವ್ರತ ಅವರದು, ಆದರೆ ತಲೆಯ ಮೇಲೆ ಸೂರು ಬೇಕು. ಊರಿನವರು ಮನೆಯನ್ನು ತಮ್ಮ ಹೆಸರಿನಲ್ಲಿಟ್ಟುಕೊಂಡು ಸನ್ಯಾಸಿಗಳ ಉಪಯೋಗಕ್ಕೆ ಬಿಟ್ಟರು. ಒಡೆತನ ಒಬ್ಬರದು, ಅನುಭೋಗ ಇನ್ನೊಬ್ಬರದು.

ಗೆಳೆಯ ಕೈಕೊಟ್ಟರೆ? ರಾಜನ ಸಾಮಾನ್ಯ ನ್ಯಾಯಾಲಯ ಪತ್ರದಲ್ಲಿ ಯಾರ ಹೆಸರಿದೆಯೋ ಅವನನ್ನೇ ಒಡೆಯನೆನ್ನುತ್ತಿತ್ತು. ಜಮೀನು ಒಪ್ಪಿಸಿ ಸತ್ತವನ ವಿಧವೆ ಹೋಗಬೇಕಾದದ್ದು ರಾಜನ ಹಿರಿಯ ಅಧಿಕಾರಿಯಾದ ಚಾನ್ಸಲರ್ ಬಳಿಗೆ. ಮಧ್ಯಯುಗದಲ್ಲಿ ಈ ಹುದ್ದೆಯಲ್ಲಿದ್ದವರು ಬಹುಮಟ್ಟಿಗೆ ಬಿಷಪರೇ. ಅವರು ಎದುರಾಳಿಯನ್ನು ದಂಡದ ಬೆದರಿಕೆಯ ಸಮನ್ಸಿನಿಂದ ಕರೆಸಿ, ಪ್ರಮಾಣ ಮಾಡಿಸಿ ನೇರವಾಗಿ ಕೇಳುತ್ತಿದ್ದರು: ನೀನು ಒಪ್ಪಿಕೊಂಡಿದ್ದೆಯೋ ಇಲ್ಲವೋ? ಸಾಮಾನ್ಯ ನ್ಯಾಯಾಲಯದಲ್ಲಿ ಕಕ್ಷಿದಾರನ ಬಾಯಿ ಬಿಡಿಸುವ ಪದ್ಧತಿಯೇ ಇರಲಿಲ್ಲ. ಇದು ಚರ್ಚ್ ನ್ಯಾಯಾಲಯದಿಂದ ಬಂದ ಕ್ರಮ, ಮತ್ತು ಇಂದೂ ಜೀವಂತ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದಡಿ ವಕೀಲರು ಎದುರು ಪಕ್ಷಕ್ಕೆ ಲಿಖಿತ ಪ್ರಶ್ನಾವಳಿ ಕಳಿಸಿ, ಪ್ರಮಾಣಪತ್ರದ ಮೇಲೆ ಉತ್ತರ ಪಡೆಯುತ್ತಾರಲ್ಲ, ಅದು ಚಾನ್ಸಲರರ ಕೋರ್ಟಿನ ಬಳುವಳಿ. 1489ರಲ್ಲಿ ಚಾನ್ಸಲರ್ ಆಗಿದ್ದ ಆರ್ಚ್‌ಬಿಷಪ್ ಮಾರ್ಟನ್ ಮುಂದೆ, ಸತ್ತವರ ಆಸ್ತಿ ನೋಡಿಕೊಳ್ಳಬೇಕಿದ್ದ ನಿರ್ವಾಹಕನೊಬ್ಬ ಮಾಡಿದ ಮೋಸದ ಪ್ರಕರಣ ಬಂತು. ಇದಕ್ಕೆ ಕಾನೂನಿನಲ್ಲಿ ಪರಿಹಾರವಿಲ್ಲ ಎಂದು ವಾದಿಸಿದಾಗ ಮಾರ್ಟನ್ ಕೊಟ್ಟ ಉತ್ತರದ ತಾತ್ಪರ್ಯ ಇದು: ಕಾನೂನು ದೇವರ ಕಾನೂನಿಗೆ ಹೊಂದಿರಬೇಕು, ಹೀಗೆ ನುಂಗಿ ಮರಳಿಸದ ನಿರ್ವಾಹಕ ನರಕಕ್ಕೆ ಹೋಗುತ್ತಾನೆ. ನ್ಯಾಯಪೀಠದ ಮೇಲಿನಿಂದ ಬಂದ ಈ ಮಾತು ಅಲಂಕಾರದ್ದಲ್ಲ. ಪ್ರತಿವಾದಿಯ ಆತ್ಮವನ್ನು ಉಳಿಸಲೆಂದೇ ಅವನಿಂದ ಆಸ್ತಿ ಬಿಡಿಸುವುದು ಆ ನ್ಯಾಯಾಲಯದ ತರ್ಕವಾಗಿತ್ತು.

1529ರಲ್ಲಿ ಕಾರ್ಡಿನಲ್ ವೂಲ್ಸಿಯ ಜಾಗಕ್ಕೆ ಗೃಹಸ್ಥ ವಕೀಲ ಥಾಮಸ್ ಮೋರ್ ಬಂದ ಮೇಲೆ ಬಿಷಪರ ಕಾಲ ಬಹುತೇಕ ಮುಗಿಯಿತು. ಅವರು ಬೆಳೆಸಿದ ನಿಯಮಗಳು ಈಕ್ವಿಟಿ ಎಂಬ ಹೆಸರಿನಲ್ಲಿ ಗಟ್ಟಿಯಾದವು. ಇದೆಲ್ಲ ಚರ್ಚಿನ ಸ್ವಂತ ಸೃಷ್ಟಿ ಎನ್ನುವುದು ಸರಿಯಲ್ಲ. ಪ್ರಾಮಾಣಿಕ ವ್ಯವಹಾರದ ಕಲ್ಪನೆ ರೋಮನ್ನರಲ್ಲೂ ಇತ್ತು, ಟ್ರಸ್ಟಿಗೆ ಇಸ್ಲಾಮಿನ ವಕ್ಫ್ ಪ್ರೇರಣೆಯಾಗಿರಬಹುದೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆದರೆ ಹೆಸರಿನಲ್ಲಿ ಒಡೆಯನಾದವನ ಅಂತಃಸಾಕ್ಷಿಯನ್ನು ಹಿಡಿದು ನಿಲ್ಲಿಸುವ ಕೋರ್ಟೊಂದನ್ನು ಇಂಗ್ಲೆಂಡಿನಲ್ಲಿ ಕಟ್ಟಿದವರು ಈ ಪಾದ್ರಿಗಳು.

ಈಕ್ವಿಟಿ ಕನ್ನಡನಾಡಿಗೆ ಬಂದ ದಾರಿ ದಾಖಲೆಗಳಲ್ಲಿ ಸ್ಪಷ್ಟವಾಗಿದೆ. ಮುಂಬೈ ಪ್ರಾಂತ್ಯದ 1827ರ ನಾಲ್ಕನೇ ರೆಗ್ಯುಲೇಶನ್, ನಿರ್ದಿಷ್ಟ ಕಾನೂನು ಅಥವಾ ರೂಢಿ ಇಲ್ಲದೆಡೆ ನ್ಯಾಯ, ಈಕ್ವಿಟಿ ಮತ್ತು ಒಳ್ಳೆಯ ಅಂತಃಸಾಕ್ಷಿಯಂತೆ ತೀರ್ಪು ಕೊಡಿ ಎಂದು ಧಾರವಾಡ, ಬೆಳಗಾವಿ ಕಡೆಯ ನ್ಯಾಯಾಧೀಶರಿಗೆ ಹೇಳಿತು. 1873ರ ಮದ್ರಾಸ್ ಸಿವಿಲ್ ಕೋರ್ಟುಗಳ ಕಾಯ್ದೆ ಮಂಗಳೂರು, ಬಳ್ಳಾರಿಯ ಕೋರ್ಟುಗಳಿಗೆ ಅದನ್ನೇ ಹೇಳಿತು. ಇಲ್ಲಿನ ಸಮಾಜಕ್ಕೆ ಹೊಂದುವ ಮಟ್ಟಿಗೆ ಇದರ ಅರ್ಥ ಇಂಗ್ಲಿಷ್ ಕಾನೂನೇ ಎಂದು ಪ್ರಿವಿ ಕೌನ್ಸಿಲ್ 1887ರಲ್ಲಿ ವ್ಯಾಖ್ಯಾನಿಸಿತು. ಅಷ್ಟರಲ್ಲಿ ಕರಾರು ಕಾಯ್ದೆ, 1877ರ ನಿರ್ದಿಷ್ಟ ಪರಿಹಾರ ಕಾಯ್ದೆ, 1882ರ ಟ್ರಸ್ಟ್ ಕಾಯ್ದೆ ಬಂದು ಈಕ್ವಿಟಿಯ ನಿಯಮಗಳು ಕಲಮುಗಳಾಗಿದ್ದವು. ಮುದಿ ತಂದೆಯ ದಾನಪತ್ರವನ್ನು ರದ್ದುಮಾಡಿಸುವ ಕರಾರು ಕಾಯ್ದೆಯ 'ಅನುಚಿತ ಪ್ರಭಾವ'ದ 16ನೇ ಕಲಂ, ಟ್ರಸ್ಟಿ ತನ್ನ ಸ್ಥಾನದಿಂದ ಲಾಭ ಹೊಡೆಯಬಾರದೆಂಬ ಟ್ರಸ್ಟ್ ಕಾಯ್ದೆಯ 51ನೇ ಕಲಂ, ಪಾಲುದಾರ, ಏಜೆಂಟ್, ಕಂಪನಿ ನಿರ್ದೇಶಕ, ವಕೀಲ ಮುಂತಾದವರಿಗೂ ಆ ಕಟ್ಟುಪಾಡು ಹಾಕುವ ಅದೇ ಕಾಯ್ದೆಯ 88ನೇ ಕಲಂ ಬಂದದ್ದು ಹೀಗೆ.

ಸೈಟಿನ ಕರಾರಿನ ದಾವೆಯಲ್ಲಿ ಇದು ಇನ್ನೂ ಹತ್ತಿರದಿಂದ ಕಾಣುತ್ತದೆ. ಹಣ ವಾಪಸು ಕೊಟ್ಟರೆ ಸಾಕೆನ್ನದೆ ಕ್ರಯಪತ್ರವನ್ನೇ ಮಾಡಿಕೊಡು ಎಂದು ಆಜ್ಞೆ ಮಾಡುವುದು ಚಾನ್ಸಲರರ ಪರಿಹಾರ, ಕಾರಣ ಅವರಿಗೆ ಮಾತು ಪೂರೈಸುವುದು ಮುಖ್ಯ. ಅಂತಃಸಾಕ್ಷಿಯ ಕೋರ್ಟಾದ್ದರಿಂದ ಕೇಳುವವನ ನಡತೆಯನ್ನೂ ಅದು ನೋಡುತ್ತಿತ್ತು. ವಾದಿ ತನ್ನ ಪಾಲಿನ ಹಣ ಕೊಡಲು ಸದಾ ಸಿದ್ಧನಿದ್ದ, ಮನಸ್ಸೂ ಇತ್ತು ಎಂದು ತೋರಿಸದಿದ್ದರೆ ಇಂದಿಗೂ ದಾವೆ ಬೀಳುತ್ತದೆ. ಈಗಿನ ನಿರ್ದಿಷ್ಟ ಪರಿಹಾರ ಕಾಯ್ದೆಯ 16ನೇ ಕಲಮನ್ನು ಹಗುರವಾಗಿ ತೆಗೆದುಕೊಂಡು ಸೋತವರು ಬಹಳ. ಪರಿಹಾರ ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು ಎಂಬ ಹಳೆಯ ಲಕ್ಷಣವನ್ನು ಮಾತ್ರ 2018ರ ತಿದ್ದುಪಡಿ ತೆಗೆದುಹಾಕಿದೆ.

ಬಿಷಪರ ಕಾಲ ಬಹುತೇಕ ಮುಗಿದು ನಾಲ್ಕು ಶತಮಾನ ಕಳೆದ ಮೇಲೂ ಸುವಾರ್ತೆ ಒಮ್ಮೆ ನೇರವಾಗಿ ಕೋರ್ಟಿಗೆ ಬಂತು. 1928ರ ಆಗಸ್ಟ್ 26ರಂದು ಸ್ಕಾಟ್ಲೆಂಡಿನ ಪೇಸ್ಲಿಯ ಒಂದು ಕೆಫೆಯಲ್ಲಿ ಮೇ ಡೊನಹ್ಯೂ ಎಂಬಾಕೆಗೆ ಗೆಳತಿಯೊಬ್ಬಳು ಜಿಂಜರ್ ಬಿಯರ್ ಕೊಡಿಸಿದಳು. ಒಳಗೆ ಕಾಣದ ಕಪ್ಪು ಬಾಟಲಿ. ಉಳಿದದ್ದನ್ನು ಸುರಿದಾಗ ಕೊಳೆತ ಬಸವನಹುಳ ಬಂತೆಂಬುದು ಆಕೆಯ ದೂರು. ದುಡ್ಡು ಕೊಟ್ಟವಳು ಗೆಳತಿಯಾದ್ದರಿಂದ ಡೊನಹ್ಯೂಗೆ ಯಾರೊಡನೆಯೂ ಕರಾರಿಲ್ಲ. ತಯಾರಕನ ಮೇಲೆ ದಾವೆ ಹೂಡಬಹುದೇ? 1932ರಲ್ಲಿ ಲಾರ್ಡ್ಸ್ ಸಭೆ ಮೂರಕ್ಕೆ ಎರಡರ ಬಹುಮತದಿಂದ ಹೌದೆಂದಿತು. ಲಾರ್ಡ್ ಆಟ್ಕಿನ್ ತಮ್ಮ ತೀರ್ಪಿನಲ್ಲಿ, ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆ ಕಾನೂನಿನಲ್ಲಿ ನೆರೆಯವನಿಗೆ ಹಾನಿ ಮಾಡಬೇಡ ಎಂದಾಗುತ್ತದೆ ಎಂದರು. ಹಾಗಾದರೆ ನೆರೆಯವನು ಯಾರು ಎಂಬ, ಲೂಕನ ಸುವಾರ್ತೆಯಲ್ಲಿ ಧರ್ಮಶಾಸ್ತ್ರಿಯೊಬ್ಬ ಯೇಸುವಿಗೆ ಕೇಳುವ ಪ್ರಶ್ನೆಯನ್ನೇ ಎತ್ತಿಕೊಂಡು, ನನ್ನ ಅಜಾಗರೂಕತೆಯಿಂದ ಯಾರಿಗೆ ಪೆಟ್ಟಾದೀತೆಂದು ನಾನು ಮೊದಲೇ ಊಹಿಸಬಹುದೋ ಅವರೆಲ್ಲ ಎಂದು ಉತ್ತರಿಸಿದರು. ವೈದ್ಯಕೀಯ ನಿರ್ಲಕ್ಷ್ಯದಿಂದ ಕುಸಿದ ಕಟ್ಟಡದವರೆಗೆ ನಮ್ಮ ಪರಿಹಾರದ ದಾವೆಗಳು ಈ ತತ್ತ್ವದ ಮೇಲೆ ನಿಂತಿವೆ.

ಯೇಸು ಆ ಪ್ರಶ್ನೆಗೆ ಕೊಟ್ಟ ಉತ್ತರ ಇದಕ್ಕಿಂತ ದೊಡ್ಡದು. ಕಳ್ಳರ ಏಟಿಗೆ ದಾರಿಬದಿಯಲ್ಲಿ ಬಿದ್ದವನನ್ನು ಯಾಜಕನೂ ಲೇವಿಯನೂ ದಾಟಿಹೋದರು, ಪರಜಾತಿಯ ಸಮಾರ್ಯದವನು ಎತ್ತಿಕೊಂಡ. ಇಂಗ್ಲಿಷ್ ಕಾನೂನಿನಲ್ಲಿ ದಾಟಿಹೋದ ಆ ಇಬ್ಬರ ಮೇಲೆ ದಾವೆ ನಿಲ್ಲುವುದಿಲ್ಲ ಎಂದು ಲಾರ್ಡ್ ಡಿಪ್ಲಾಕ್ 1970ರಲ್ಲಿ ಬರೆದರು. ನಮ್ಮಲ್ಲೂ ಅಪರಿಚಿತನನ್ನು ಕಾಪಾಡುವ ಸಾಮಾನ್ಯ ಸಿವಿಲ್ ಬಾಧ್ಯತೆ ಇಲ್ಲ. ಕಾಪಾಡಲು ಹೋದವರಿಗೆ ಪೊಲೀಸ್ ಠಾಣೆ, ಕೋರ್ಟು ಅಲೆಯುವ ಭಯವಿತ್ತು. ಅದನ್ನು ಹೋಗಲಾಡಿಸಲು ಕರ್ನಾಟಕ 2016ರಲ್ಲಿ ತಂದ ಗುಡ್ ಸಮಾರಿಟನ್ ಕಾಯ್ದೆ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ರಕ್ಷಣೆ ಕೊಡುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಅದೇ ಹೆಸರಿನ 134ಎ ಕಲಂ ಸೇರಿತು.

ಚರ್ಚಿನ ಪ್ರಶ್ನೆ ಬಂದು ತಲುಪದ ಜಾಗವೂ ಒಂದಿದೆ, ನಮ್ಮ ಹಳ್ಳಿಗಳಲ್ಲಿ ಅದರ ಪೆಟ್ಟು ತಿಂದವರು ಕಡಿಮೆಯಿಲ್ಲ. ಬೇರೆಯವರ ಜಮೀನನ್ನು ಬಹುಕಾಲ ಅನುಭವಿಸಿದರೆ ಅದು ತನ್ನದಾಗುವುದೇ? ರೋಮನ್ ಕಾನೂನಿನಲ್ಲಿ ಕೈಗೆ ಬರುವಾಗ ಪ್ರಾಮಾಣಿಕ ನಂಬಿಕೆ ಇದ್ದರೆ ಸಾಕಿತ್ತು, ಆಮೇಲೆ ಸತ್ಯ ಗೊತ್ತಾದರೂ ಅಡ್ಡಿಯಿಲ್ಲ. 1215ರ ಮಹಾಸಭೆಯ 41ನೇ ವಿಧಿ ಇದನ್ನು ಒಪ್ಪಲಿಲ್ಲ. ಇದು ಪರರದು ಎಂದು ಯಾವ ದಿನ ತಿಳಿಯಿತೋ ಆ ದಿನದಿಂದ ಇಟ್ಟುಕೊಳ್ಳುವುದು ಪಾಪ, ಪಾಪದಿಂದ ಹಕ್ಕು ಹುಟ್ಟದು. ಇಂಗ್ಲೆಂಡಿನ ಸಾಮಾನ್ಯ ಕಾನೂನು ಇದನ್ನು ತೆಗೆದುಕೊಳ್ಳಲಿಲ್ಲ, ಹಾಗಾಗಿ ನಮಗೂ ಬರಲಿಲ್ಲ. 1963ರ ಕಾಲಮಿತಿ ಕಾಯ್ದೆಯಡಿ ಖಾಸಗಿ ಜಮೀನನ್ನು 12 ವರ್ಷ ಬಹಿರಂಗವಾಗಿ, ಎಡೆಬಿಡದೆ, ಒಡೆಯನಿಗೆ ವಿರುದ್ಧವಾಗಿ ಹಿಡಿದುಕೊಂಡರೆ ಪ್ರತಿಕೂಲ ಸ್ವಾಧೀನದಿಂದ ಹಕ್ಕು ಬರುತ್ತದೆ. 2008ರಲ್ಲಿ ಹೇಮಾಜಿ ವಾಘಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾನೂನು ತರ್ಕಕ್ಕೆ ನಿಲ್ಲದ್ದು, ಒಡೆಯನ ಪಾಲಿಗೆ ಕಠೋರವಾದದ್ದು ಎಂದು ಟೀಕಿಸಿ ಮರುಚಿಂತನೆಗೆ ಸೂಚಿಸಿತು. ಕಾನೂನು ಆಯೋಗ 2023ರ ತನ್ನ 280ನೇ ವರದಿಯಲ್ಲಿ ಬದಲಾವಣೆ ಬೇಡವೆಂದಿತು.

ಹೀಗಾಗಿ ಇಂಥ ದಾವೆಯಲ್ಲಿ ಪ್ರತಿವಾದಿಯ ವಕೀಲರು ಬರೆಯಬೇಕಾದ ಹೇಳಿಕೆ ವಿಚಿತ್ರವಾದದ್ದು. ಜಮೀನು ಮೊದಲಿನಿಂದ ನನ್ನದೇ ಎಂದರೆ ಈ ವಾದ ಬೀಳುತ್ತದೆ. ಸ್ವಂತ ಹಕ್ಕಿನ ವಾದವೂ ಪ್ರತಿಕೂಲ ಸ್ವಾಧೀನದ ವಾದವೂ ಒಟ್ಟಿಗೆ ನಿಲ್ಲವು, ಮೊದಲನೆಯದನ್ನು ಕೈಬಿಟ್ಟ ಮೇಲೆಯೇ ಎರಡನೆಯದಕ್ಕೆ ಜೀವ ಎಂದು 2004ರ ಕರ್ನಾಟಕ ವಕ್ಫ್ ಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಡೆಯ ಇನ್ನೊಬ್ಬನಿದ್ದಾನೆ, ಅವನಿಗೆ ವಿರುದ್ಧವಾಗಿಯೇ ಹಿಡಿದಿದ್ದೇನೆ, ಇಂಥ ದಿನದಿಂದ ಎಂದು ಬರೆದು ಸಾಬೀತು ಮಾಡಬೇಕು. ಲ್ಯಾಟರನ್ ಸಭೆಯ ವಿಧಿಯ ಪ್ರಕಾರ ಪ್ರತಿವಾದಿಯನ್ನು ಸೋಲಿಸುವ ಮಾತು ಅದು. ನಮ್ಮ ಕೋರ್ಟಿನಲ್ಲಿ ಅದನ್ನು ಹೇಳದೆ ಅವನು ಗೆಲ್ಲಲಾರ.